ಬೀಗರೂರಿಗೆ ಹೋದ ಫಿರತಿ ಗಾಡಿ

ಸಾಹೇಬರ ಗಾಡಿ ನೋಡಿ ನಮ್ಮ ಮನೆಯವರ ತಲೆ ಕೆಟ್ಟಿತು. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಆಗ ನಮ್ಮದು ಮುಂಬೈ ಸರಕಾರ. ಬೇಸಿಗೆಯಲ್ಲಿ ಜಂಗಲ್ ಖಾತೆಯ ಸಾಹೇಬರು ಫಿರತಿ, ಅಂದರೆ ಕಾಡು ತಪಾಸಣೆಯ ತಿರುಗಾಟಕ್ಕೆ, ಹೊರಟರೆಂದರೆ ಯಲ್ಲಾಪುರದ ಸುತ್ತಿನ ಎತ್ತಿನ ಗಾಡಿಗಳಿಗೆಲ್ಲ ಕರೆ ಬರುತ್ತಿತ್ತು. ಡೇರೆ, ಮಂಚ, ಕುರ್ಚಿ, ಕೋಳಿಗೂಡು ಎಲ್ಲ ಹೇರಿಕೊಂಡು ಕಾಡಿನಿಂದ ಕಾಡಿಗೆ ಹೋಗಬೇಕು. ಇಡಗುಂದಿಯಿಂದ ನಮ್ಮ ಗಾಡಿಯೂ ಹೋಗಿತ್ತು. ತಿರುಗಿ ಬಂದವರು ಎತ್ತಿಗೆ ಹುಲ್ಲು ಹಾಕುವ ಮೊದಲೇ ನನ್ನನ್ನು ಕೂಗಿ, "ಸಾಹೇಬ್ರ ಗಾಡೀಲಿ ಎಂತೆಂತ ಇತ್ತು ಗೊತ್ತನೇ? ಇಡೀ ಮನೆನೇ ಇತ್ತು!" ಎಂದರು. ಅವರ ಕಣ್ಣು ನೋಡಿಯೇ ಇನ್ನೇನೋ ಕಾದಿದೆ ಎಂದುಕೊಂಡೆ.

ಅದೇ ಹೊತ್ತಿಗೆ ನಾದಿನಿಯನ್ನು ಚೊಚ್ಚಲ ಹೆರಿಗೆಗೆ ಕರೆತರುವುದಿತ್ತು. ಅವಳನ್ನು ಸಿದ್ದಾಪುರದ ಆಚೆ, ಕಾಡಿನೊಳಗಿನ ಊರಿಗೆ ಕೊಟ್ಟಿದ್ದೆವು. ಏಳರಲ್ಲೇ ಕರೆತರಬೇಕಾದದ್ದು ಗದ್ದೆ ಕೆಲಸದಲ್ಲಿ ತಪ್ಪಿತು. ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಒಂಬತ್ತಕ್ಕೆ ಬಿತ್ತು. ಅತ್ತೆಗೆ ಕಾಲು ಊದಿಕೊಂಡು, ಕಣ್ಣೂ ಮಂಜಾಗಿತ್ತು. ಮದುವೆಯಾದ ಮೇಲೆ ಮಗಳ ಮುಖ ನೋಡಿದ್ದು ಒಂದೇ ಸಲ. ಬಾಣಂತಿ ಕೋಣೆಯನ್ನು ನನ್ನ ಕೈಯಲ್ಲಿ ಸಾರಿಸಿದ್ದು ಸಾಲದೆಂದು ತಾವೇ ಕುಂಡೆ ಸರಿಸುತ್ತಾ ಕೂತು ಇನ್ನೊಮ್ಮೆ ಸಾರಿಸಿದರು. "ಅವಳನ್ನ ಒಂದು ತಂದುಕೊಡಿ. ಮತ್ತೆಂತದೂ ಬೇಡ ನಂಗೆ" ಎನ್ನುವುದೇ ಅವರ ಜಪವಾಗಿತ್ತು.

ಮನೆಯವರಿಗೆ ಮಾತ್ರ ಬೇರೊಂದು ಮುಳ್ಳು ನಟ್ಟಿತ್ತು. ನಾದಿನಿಯ ಮದುವೆಗೆ ನಾವು ಕಮಾನಿಲ್ಲದ ಬೋಳು ಗಾಡಿಯಲ್ಲಿ ಹೋಗಿದ್ದೆವು. ಆಗ ಬೀಗಿತ್ತಿ, ಅಂದರೆ ನಾದಿನಿಯ ಅತ್ತೆ, "ದಿಬ್ಬಣವೋ ಕಟ್ಟಿಗೆ ಗಾಡಿಯೋ?" ಎಂದು ನಾಲ್ಕು ಜನರ ಮುಂದೆ ನಕ್ಕಿದ್ದಳು. ಈ ಸಲ ತೋರಿಸಿಯೇ ತೋರಿಸುತ್ತೇನೆ ಎಂದು ಇವರು ಹಟಕ್ಕೆ ಬಿದ್ದರು.

ಬಡಗಿ ಬಂದ, ಕಮ್ಮಾರ ಬಂದ. ಗಾಡಿಗೆ ಕಮಾನು ಕಟ್ಟಿ ಗೊಂಡೆಯ ಪರದೆ ಬಿಟ್ಟದ್ದಾಯಿತು. ಒಳಗೆ ಎರಡೂ ಬದಿಗೆ ಉದ್ದುದ್ದ ಪೆಟ್ಟಿಗೆ, ಹಿಂದೆ ಪಾತ್ರೆ ಇಡುವ ಕಪಾಟು, ಆ ಕಪಾಟಿನ ಬಾಗಿಲು ಬಿಚ್ಚಿದರೆ ಅದೇ ಊಟದ ಮೇಜು! ಸಾಹೇಬರದ್ದು ಕಿತ್ತಾನು ಬಟ್ಟೆಯದು, ತಗಡಿನದು, ಒಂದು ಕೈಯಲ್ಲಿ ಎತ್ತುವಂಥದ್ದು. ಇವರು ಎಲ್ಲವನ್ನೂ ಕಲ್ಲಿನಂತೆ ಭಾರವಾದ ಮತ್ತಿ ಮರದ ಹಲಗೆಯಲ್ಲಿ ಮಾಡಿಸಿದರು. ಕಾಡಿನ ನಡುವೆ ಹುಟ್ಟಿದವರು ತಗಡಿನ ಪೆಟ್ಟಿಗೆ ಒಯ್ದರೆ ಜನ ಏನೆಂದಾರು ಎಂಬುದು ಇವರ ವಾದ. ಮೇಲೆ ಕಬ್ಬಿಣದ ಪಟ್ಟಿ, ಬೋಲ್ಟು. ಅತ್ತೆ ಗೋಡೆ ಹಿಡಿದು ಹೊರಗೆ ಬಂದು ಒಂದೊಂದನ್ನೂ ಮುಟ್ಟಿ ನೋಡಿ, "ಬಸುರಿ ಹೆಂಗ್ಸಿಗೆ ಒಂದು ಹೊರೆ ಹುಲ್ಲು, ಮೇಲೊಂದು ಕಂಬಳಿ ಹಾಸಿದ್ರೆ ಸಾಕಾಗಿತ್ತಲ ಮಗಾ" ಎಂದರು.

"ನೀ ಸುಮ್ನಿರು ಅವ್ವಾ. ನಿಂಗೆ ಈಗಿನ ಕಾಲ ತಿಳೀತಿಲ್ಲ."

ಎತ್ತು ಕಟ್ಟಿದ ದಿನವೇ ಈಗಿನ ಕಾಲ ಏನೆಂದು ತಿಳಿಯಿತು. ಗಾಡಿಯ ಭಾರ ಹಿಂದಾದರೆ ನೊಗ ಕಟ್ಟುವ ಮುಂದಿನ ಮರ, ಮೂಕಿ, ಮೇಲೇಳುತ್ತದೆ, ನೊಗ ಎದ್ದು ಕೊರಳ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಇದು ನಮ್ಮಲ್ಲಿ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು. ಪಾಪದ ಎತ್ತುಗಳು ಕತ್ತು ಮೇಲೆ ಮಾಡಿ ನಿಂತವು. ಇವರು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಆಗಲೂ ಸ್ವಲ್ಪ ಮೈ ತುಂಬಿಕೊಂಡವಳೇ. "ನೀ ಮುಂದೆ ಹಲಗೆ ಮೇಲೆ ಕೂತ್ಕ. ಸರಿಯಾಗ್ತದೆ" ಎಂದರು. ಕೂತೆ. ಸರಿಯಾಯಿತು! ಹೆಂಗಸರಿಲ್ಲದೆ ಬಸುರಿಯನ್ನು ಕರೆತರುವಂತಿಲ್ಲ, ಹೇಗೂ ಹೋಗಬೇಕಾದವಳು. ಆದರೆ ಮರ್ಯಾದೆಗೆಂದು ಹೊರಟವಳು ಭಾರಕ್ಕೆಂದು ಹೊರಟಂತಾಯಿತಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ದಾರಿಯುದ್ದಕ್ಕೂ ನಗೆಪಾಟಲು. ಶಿರಸಿಯಲ್ಲಿ ಗಾಡಿ ಬಿಡುವ ಬಯಲಿಗೆ ಹೋದರೆ ಎಕ್ಕಂಬಿ ಕಡೆಯ ಗಾಡಿಯವರು ಅಡಿಗೆ ಬಿಟ್ಟು ಎದ್ದು ಬಂದರು. ಒಬ್ಬ ಪರದೆಯ ಗೊಂಡೆ ಹಿಡಿದು, "ಬರ್ರಿ ಬರ್ರಿ! ಯಾವ ನಾಟಕ ಕಂಪನಿರೀ? ಇವತ್ತ ಆಟ ಐತೇನು?" ಎಂದ. ಇವರು ಅದನ್ನು ಹೊಗಳಿಕೆ ಎಂದೇ ತಿಳಿದು ಕಪಾಟಿನ ಬಾಗಿಲು ಬಿಚ್ಚಿ ಮೇಜು ಮಾಡಿ ತೋರಿಸಿದರು. ನಾನು ಸೆರಗು ಮುಖಕ್ಕೆಳೆದುಕೊಂಡು ಒಲೆಗೆ ಮೂರು ಕಲ್ಲು ಹುಡುಕುವ ನೆವದಲ್ಲಿ ಆಚೆ ಹೋದೆ.

ಬೀಗರೂರಿನಲ್ಲಿ ಮಾತ್ರ ಇವರ ಆಸೆ ಪೂರೈಸಿತು. ಊರ ಹೆಂಗಸರು ಮಕ್ಕಳೆಲ್ಲ ಗಾಡಿ ಮುತ್ತಿದರು. ಬೀಗಿತ್ತಿ ಪರದೆ ಎತ್ತಿ ನೋಡಿ, "ಅಡ್ಡಿಲ್ಲ ತಮಾ, ಅಡ್ಡಿಲ್ಲ" ಎಂದಳು. ಅಷ್ಟೇ ಸಾಕಾಯಿತು, ಇವರು ಅಂದು ಎರಡು ಸಲ ಪಾಯಸ ಬಡಿಸಿಕೊಂಡರು. ನಾದಿನಿ ನನ್ನ ಕೈ ಬಿಡಲೊಲ್ಲಳು. "ಅವ್ವಂಗೆ ಕಣ್ಣು ಪೂರಾ ಕಾಣ್ತಿಲ್ಯನೇ ಅತ್ಗೆ? ನನ್ನ ಮುಖನಾದ್ರೂ ಕಂಡೀತ?" ಎಂದು ಮತ್ತೆ ಮತ್ತೆ ಕೇಳಿದಳು.

ಬೆಳಿಗ್ಗೆ ಹೂ ಮುಡಿದು, ಹಿರಿಯರಿಗೆ ಕಾಲು ಮುಟ್ಟಿ, ಅವಳು ಗಾಡಿ ಹತ್ತಿದಳು. ಎಲ್ಲಿ ಕೂರಬೇಕು? ಪೆಟ್ಟಿಗೆಯ ಮೇಲೆ ಕೂತರೆ ತಲೆ ಕಮಾನಿಗೆ ಬಡಿಯುತ್ತಿತ್ತು, ಎರಡು ಪೆಟ್ಟಿಗೆಗಳ ನಡುವೆ ಒಂದು ಕರು ಮಲಗುವಷ್ಟೂ ಜಾಗವಿರಲಿಲ್ಲ. ಅಯ್ಯೋ ದೇವರೇ, ಇಷ್ಟು ದಿನ ನಮಗಿಬ್ಬರಿಗೂ ಅದು ಹೊಳೆದೇ ಇರಲಿಲ್ಲ! ಕೂರಿಸಿಕೊಂಡು ಬರಬೇಕಾದವಳನ್ನೇ ಮರೆತು ಗಾಡಿ ಕಟ್ಟಿದ್ದೆವು. ಅವಳು ಹೊಟ್ಟೆ ಹಿಡಿದುಕೊಂಡು ಅಡ್ಡಡ್ಡ ತೂರಿ ಕಪಾಟಿಗೆ ಒರಗಿ ಕುಳಿತಳು. ಕುಳಿತದ್ದೇ ಮೂಕಿ ಎದ್ದಿತು. ನನ್ನ ಭಾರವೂ ಸಾಲಲಿಲ್ಲ. ಇವರು ಎರಡೂ ಕೈಯಲ್ಲಿ ಮೂಕಿ ಜಗ್ಗಿ ಹಿಡಿದು, ಬೀಗರ ಕಡೆ ನಗುಮುಖ ಮಾಡಿಕೊಂಡೇ ಊರ ತಿರುವಿನ ತನಕ ಗಾಡಿ ದಾಟಿಸಿದರು.

ತಿರುವಿನ ಆಚೆ ಏರು. ಎತ್ತು ಹೆಜ್ಜೆ ಇಡಲಾರದೆ ನಿಂತವು. ನಾದಿನಿ ಏನೂ ಕೇಳದೆ ಮೆಲ್ಲಗೆ ಇಳಿದಳು. "ನಂಗೆ ನಡೆಯೋದೇ ಆರಾಮು ಅಣ್ಣಾ. ಏರು ಮುಗಿಯತನಕ ನಡೀತೆ" ಎಂದಳು. ನಾನೂ ಇಳಿಯಹೋದರೆ ಇವರು, "ನೀ ಇಳಿಬೇಡ! ನೀ ಇಳಿದ್ರೆ ಗಾಡಿ ಹಿಂದೆ ಮಗಚ್ತದೆ" ಎಂದು ಕಿರುಚಿದರು. ಅವಳನ್ನೇ ನನ್ನ ಜಾಗದಲ್ಲಿ ಕೂರಿಸುವುದೇ? ತುಂಬಿದ ಬಸುರಿಯನ್ನು ಆ ಕುಲುಕುವ ಹಲಗೆಯ ಮೇಲೆ ಯಾರು ಕೂರಿಸುತ್ತಾರೆ! "ಆ ಕಪಾಟನ್ನಾದರೂ ಕಿತ್ತು ಬಿಸಾಕಿ" ಎಂದೆ. "ಬೀಗರ ಊರ ಬಾಗಿಲಲ್ಲಿ ಕೀಳ್ಲ? ಏರು ಹತ್ತಲಿ, ಆಮೇಲೆ ನೋಡುವ" ಎಂದರು. ಅವಳು ಸೊಂಟಕ್ಕೆ ಕೈ ಕೊಟ್ಟು ಧೂಳಿನಲ್ಲಿ ನಡೆದಳು, ನಾನು ಗೊಂಡೆ ಪರದೆಯ ಮುಂದೆ ಪಟ್ಟದ ರಾಣಿಯ ಹಾಗೆ ಕುಳಿತೆ. ಎದುರಿಗೆ ಬಂದ ಸೊಪ್ಪು ಹೊರುವ ಹೆಂಗಸರು ಅವಳನ್ನು ನೋಡಿ, ನನ್ನನ್ನು ನೋಡಿ, ದಾರಿ ಬಿಟ್ಟು ನಿಂತರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಏರಿನ ನೆತ್ತಿಯಲ್ಲಿ ಬೀಗಿತ್ತಿ ನಿಂತಿದ್ದಳು. ಬಸುರಿ ಪ್ರಯಾಣ ಹೊರಟರೆ ಗಾಳಿ ಸೋಂಕದಂತೆ ಮಡಿಲಲ್ಲಿ ಕಬ್ಬಿಣದ ಚೂರು ಇರಬೇಕು. ಗಾಡಿಗೆ ಅಷ್ಟು ಕಬ್ಬಿಣ ಬಡಿಸಿದ ನಮಗೆ ಅದೂ ಮರೆತಿತ್ತು. ಅವಳು ಅಡಕತ್ತರಿ ಹಿಡಿದು ಒಳದಾರಿಯಿಂದ ಓಡಿ ಬಂದಿದ್ದಳು. ಏದುಸಿರು ಬಿಡುತ್ತಾ ನಿಂತವಳು ನಡೆದು ಬರುವ ಸೊಸೆಯನ್ನು ಕಂಡಳು, ಕೂತು ಬರುವ ನನ್ನನ್ನು ಕಂಡಳು. ಬೈಯಲಿಲ್ಲ. ಸೊಸೆಯ ಮಡಿಲಿಗೆ ಅಡಕತ್ತರಿ ಹಾಕಿ ಕೈ ಹಿಡಿದುಕೊಂಡಳು.

"ತಮಾ, ನಿನ್ನ ಗಾಡಿ ಚಂದ ಅದೆ. ತಕಂಡು ಹೋಗು. ಹೆರಿಗೆ ನನ್ನ ಮನೇಲೇ ಆಗ್ಲಿ."

ಇವರು ಹುಚ್ಚು ಹಿಡಿದವರಂತೆ ಕಪಾಟಿನ ಪಾತ್ರೆ ಪಡಗ ಎಲ್ಲ ರಸ್ತೆಗೆಸೆದರು. ಪೆಟ್ಟಿಗೆಯ ಬೋಲ್ಟು ಕಲ್ಲಿನಿಂದ ಕುಟ್ಟಿದರು, ಅದು ಅಲುಗಲಿಲ್ಲ. ನಾದಿನಿ ಅಳುತ್ತಾ, "ಹೊಸಿಲು ದಾಟಿದವಳು ತಿರುಗಿ ಹೋಗ್ಬಾರ್ದು ಅತ್ತೆ, ಅವ್ವ ಕಾಯ್ತಾ ಇರ್ತದೆ" ಎಂದಳು.

"ಆ ಪಾಪ ನನ್ನ ತಲೆ ಮೇಲಿರ್ಲಿ. ಇನ್ನು ಕಾಡಲ್ಲಿ ರಾತ್ರಿ ಕಳೀಬೇಕು. ಇವ್ರ ಬುದ್ಧಿ ನಂಬಿ ನಿನ್ನ ಕಳ್ಸಲ್ಲ ನಾನು." ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಬ್ಬರೂ ಒಳದಾರಿಯಲ್ಲಿ ಇಳಿದು ಹೋದರು. ನಾದಿನಿ ತಿರುಗಿ ತಿರುಗಿ ನೋಡಿದಳು.

ಇವರು ಎಸೆದ ಪಾತ್ರೆಗಳನ್ನು ಮತ್ತೆ ಕಪಾಟಿಗೆ ತುಂಬಿ, ಇಡಗುಂದಿಯ ತನಕ ಎತ್ತಿನ ಪಕ್ಕದಲ್ಲಿ ನಡೆದೇ ಬಂದರು. ನಾನು ಹಲಗೆಯ ಮೇಲೆ ಕೂತೇ ಬಂದೆ. ಇಳಿಯುವ ಹಾಗಿರಲಿಲ್ಲವಲ್ಲ.

ಎತ್ತಿನ ಗಂಟೆ ಕೇಳಿ ಅತ್ತೆ ಅಂಗಳಕ್ಕೆ ಬಂದಿದ್ದರು. ಊದಿದ ಕಾಲೆಳೆಯುತ್ತಾ ನೇರ ಗಾಡಿಯ ಹಿಂದಕ್ಕೆ ಹೋಗಿ, ಪರದೆಯೊಳಗೆ ಕೈ ಹಾಕಿ ತಡಕಿದರು. "ಮಗಾ, ನಿದ್ದೆ ಬಂತನೇ ನಿಂಗೆ?" ಎಂದು ಕರೆದರು. ಕೈಗೆ ಬರೀ ಹಲಗೆ ಸಿಕ್ಕಿತು.

"ಎಲ್ಲಿ ಅವಳು?"

ಇವರು ಎತ್ತಿನ ಕೊರಳಿಗೆ ಮುಖ ಒತ್ತಿ ನಿಂತಿದ್ದರು. ಅಲ್ಲಿಂದಲೇ, "ಗಾಡೀಲಿ ಜಾಗ ಇರ್ಲಿಲ್ಲ ಅವ್ವಾ" ಎಂದರು.

ಅತ್ತೆ ಗಾಡಿ ಹಿಡಿದುಕೊಂಡೇ ಸುತ್ತಿ ಮುಂದೆ ಬಂದು, ಮಂಜುಗಣ್ಣನ್ನು ನನ್ನ ಕಡೆ ಎತ್ತಿದರು.

"ಹಂಗಾರೆ ನೀ ಎಲ್ಲಿ ಕೂತು ಬಂದೆ?"