ಬೋರಲಿಂಗಯ್ಯನೋರು ಕೊಟ್ಟ ಕರೀ ಎಣ್ಣೆ

ಬರ್ಕೋ ಭೂಮಿಕಾ, ನಾನು ಹೇಳ್ತಾ ಹೋಗ್ತೀನಿ. ಇಲ್ಲಿನ ಕನ್ನಡ ಸಂಘದ ಪುಸ್ತಕಕ್ಕೆ ಹಳಬ್ರು ಯಾರ ಬಗ್ಗೆಯಾದ್ರೂ ಬರೀರಿ ಅಂದಾಗ ನಂಗೆ ನೆನಪಾಗಿದ್ದು ಬೋರಲಿಂಗಯ್ಯನೋರೇ.

ಆಗ ಇಲ್ಲೇ ಅಮೆರಿಕದ ಪಾರ್ಸಿಪನೀಲಿ ನಾವು ಕೆಳಗಿನ ಅಪಾರ್ಟ್‌ಮೆಂಟು, ಅವ್ರ ಮಗಳು ಹಂಸಾ ಮೇಲಿಂದು. ಎರಡು ಸಾವಿರದ ಇಸವಿ ಬಂದ್ರೆ ಕಂಪ್ಯೂಟರೆಲ್ಲ ನಿಂತೋಗತ್ತೆ ಅಂತ ನಿಮ್ಮಪ್ಪ, ಹಂಸಾ ಎಲ್ರೂ ಭಾನುವಾರಾನೂ ಆಫೀಸಲ್ಲೇ ಇದ್ದ ಚಳಿಗಾಲ. ಹಂಸಾ ಬಸುರಿ. ತಾಯಿ ಇಲ್ಲದ ಹುಡುಗಿ, ಬಾಣಂತನಕ್ಕೆ ಅಪ್ಪನ್ನೇ ಕರೆಸ್ಕೊಂಡಿದ್ಲು. ನಾವು ಹೆಂಗಸ್ರು ನಕ್ಕಿದ್ದೇ ನಕ್ಕಿದ್ದು. "ಮೂವತ್ತು ವರ್ಷ ದನದ ಆಸ್ಪತ್ರೇಲಿ ಕಾಂಪೌಂಡರ್ ಆಗಿದ್ದೆ, ನಾನು ನೋಡ್ದಿರೋ ಹೆರಿಗೆನಾ?" ಅನ್ನೋರು ಪಾಪ. ಹಂಸಾ ಒಂದೇ ಕಂಡೀಷನ್ ಹಾಕಿದ್ಲು. ಬೀಡಿ ಮುಟ್ಟಿದ್ರೆ ವಾಪಸ್ ಟಿಕೆಟ್ಟು, ಮಗು ಬರೋ ಮನೇಲಿ ಹೊಗೆ ಕೂಡ್ದು. ಮೊಮ್ಮಗು ಎತ್ಕೊಳ್ಳೋ ಆಸೇಗೆ ಏರ್‌ಪೋರ್ಟಲ್ಲೇ ಬೀಡಿ ಕಟ್ಟು ಬಿಸಾಕಿ ಬಂದಿದ್ರು.

ಆ ಚಳೀಲಿ ನನ್ನ ಮೊಣಕೈ, ತಲೆಯೆಲ್ಲ ಹೊಟ್ಟು ಹೊಟ್ಟಾಗಿ ಎದ್ದು ತುರಿಕೆ ಅಂದ್ರೆ ತುರಿಕೆ. ಲಾಂಡ್ರಿ ರೂಮಲ್ಲಿ ಕೆರ್ಕೊಳ್ತಿದ್ದಿದ್ದು ಅವ್ರ ಕಣ್ಣಿಗೆ ಬಿತ್ತು. ಪಾರ್ಕಲ್ಲಿ ಅವ್ರಿಗೊಬ್ಬ ರಷ್ಯಾದ ಮುದುಕ ಸ್ನೇಹಿತ. ಇವ್ರ ಭಾಷೆ ಅವನಿಗೆ ಬರಲ್ಲ, ಅವನದ್ದು ಇವ್ರಿಗೆ. ಕೈಸನ್ನೇಲೇ ಕುದುರೆ, ಎತ್ತು, ಗೊರಸು ಅಂತ ಗಂಟೆಗಟ್ಲೆ ಮಾತು! ಅವನ ಊರಲ್ಲಿ ಬರ್ಚ್ ಮರದ ಬಿಳೀ ತೊಗಟೆಯಿಂದ ಕರೀ ಎಣ್ಣೆ ಇಳಿಸಿ ಕಜ್ಜಿಗೆ ಹಚ್ತಾರಂತೆ, ಸೋಪೂ ಮಾಡ್ತಾರಂತೆ. ಅವನ ಹತ್ರ ಇಸ್ಕೊಂಡು ಒಂದು ಸೀಸೆ ತಂದುಕೊಟ್ರು.

"ಹಿಂದೆ ಗ್ರಂಥ ಬರೀತಿದ್ದ ಭೂರ್ಜಪತ್ರದ ಮರಕ್ಕೆ ತಮ್ಮ ಇದು, ಶೈಲಮ್ಮನೋರೇ. ಮಡಕೇಲಿ ತೊಗಟೆ ತುಂಬಿ, ಕೆಳಗೆ ಇನ್ನೊಂದು ಮಡಕೆ ಹೂತು, ಮೇಲೆ ಬೆಂಕಿ ಹಾಕೋದು, ಎಣ್ಣೆ ಕೆಳಗಿನದಕ್ಕೆ ಇಳಿಯತ್ತೆ. ನಮ್ಮೂರಲ್ಲಿ ಗೇರೆಣ್ಣೆ ಇಳಿಸ್ತಾರಲ್ಲ, ಹಂಗೇ. ಕೊಬ್ಬರಿ ಎಣ್ಣೆಗೆ ಎರಡೇ ಹನಿ ಬೆರೆಸಿ. ಮೊದ್ಲು ಒಂಚೂರು ಹಚ್ಚಿ ನೋಡಿ."

ತುರಿಕೆ ಇಳೀತು ಕಣೇ. ಆದ್ರೆ ಆ ಹೊಗೆ ವಾಸ್ನೆ! ಸೌದೆ ಒಲೆ ಮೇಲೆ ಚಪ್ಪಲಿ ಸುಟ್ಟಂಗೆ.

"ಯಾರಿಗೂ ಹೇಳ್ಬೇಡಿ" ಅಂದೆ ಅವ್ರಿಗೆ. ಯಾರ ಮನೇಲಿ ಸತ್ಯನಾರಾಯಣ ಪೂಜೆ ಆದ್ರೂ ಸಜ್ಜಿಗೆ ಪ್ರಸಾದ ಮಾಡೋಳು ನಾನೇ. ಕಜ್ಜಿ ಕೈ ಅಂತ ಗೊತ್ತಾದ್ರೆ ಯಾರು ತಿಂತಾರೆ?

ಜನವರೀಲಿ ಹಂಸಾ ಮನೇಲೇ ಪೂಜೆ. ಇಪ್ಪತ್ತು ಜನ, ಕಿಟಕಿ ಎಲ್ಲ ಮುಚ್ಚಿದೆ, ಹೀಟರ್ ಹಾಕಿದೆ. ನಾನು ಬೆಳಿಗ್ಗೆ ಅವಸರದಲ್ಲಿ ನಾಕು ಹನಿ ಜಾಸ್ತೀನೇ ಬಳ್ಕೊಂಡಿದ್ದೆ. ಮಂಗಳಾರತಿ ಮುಗೀತಿದ್ದಂಗೆ ಹಂಸಾ ಮೂಗು ಅರಳಿಸಿದ್ಲು.

"ಅಪ್ಪಾ, ಬೀಡಿ ಸೇದಿದ್ಯಾ?"

ಎಲ್ರೂ ತಿರುಗಿದ್ರು. ಅವ್ರು ನನ್ನ ನೋಡಿದ್ರು. ನನ್ನ ಮುಂದೆ ಸಜ್ಜಿಗೆ ಪಾತ್ರೆ, ಕೈಲಿ ಸೌಟು. ನಾನು ಒಂದು ಮಾತು ಹೇಳಿದ್ರೆ ಆಗೋಗ್ತಿತ್ತು.

"ಒಂದೇ ಒಂದು ಕಣಮ್ಮ, ಚಳೀಗೆ" ಅಂದ್ಬಿಟ್ರು.

"ಒಂದಕ್ಕೆ ಇಷ್ಟು ವಾಸ್ನೆನಾ ಅಂಕಲ್? ಕಟ್ಟೇ ಮುಗಿಸಿದ್ದೀರ!" ಅಂತ ಹಂಸಾ ಆಫೀಸಿನ ಪ್ರಾಣೇಶ ಅಂದ. ಎಲ್ರೂ ನಕ್ರು. ನಾನೂ ನಕ್ಕೆ ಕಣೇ. ಅದನ್ನೂ ಬರಿ, ಬಿಡ್ಬೇಡ.

ಮೂರು ವಾರಕ್ಕೆ ಅವ್ರಿಗೆ ವಾಪಸ್ ಟಿಕೆಟ್ ಆಯ್ತು. ದಿನಾ ಹಂಸಾಗೆ ನಿಜ ಹೇಳ್ಬೇಕು ಅಂತ ಮೆಟ್ಲು ಹತ್ತೋಳು. ಹುಳಿ ಡಬ್ಬಿ ಕೊಟ್ಟು ಇಳಿಯೋಳು. ಹೊರಡೋ ದಿನ ಅವ್ರೇ ಬಂದ್ರು, ಇನ್ನೊಂದು ಸೀಸೆ ಹಿಡ್ಕೊಂಡು.

"ಯಾಕ್ರೀ ಸುಳ್ಳು ಹೇಳಿದ್ರಿ?" ಅಂದೆ.

"ನೀವು ಇಲ್ಲೇ ಇರೋರು, ನಾಳೆ ನನ್ನ ಮಗಳಿಗೆ ಬೇಕಾಗೋರು. ನಾನು ಹೆಂಗಿದ್ರೂ ಹೋಗೋನು. ಇನ್ನೊಂದು ತಿಂಗಳು ಹಚ್ಚಿ, ಬಿಡ್ಬೇಡಿ."

ಏಪ್ರಿಲಲ್ಲಿ ಮಗು ಆಯ್ತು. ಬಾಣಂತನ ನಾನೇ ಮಾಡ್ದೆ. ಹಂಸಾ ಕಾಲಿಂಗ್ ಕಾರ್ಡಲ್ಲಿ ಊರಿಗೆ ಫೋನ್ ಮಾಡಿ "ಈಗಾದ್ರೂ ಬಿಟ್ಯಾ ಅಪ್ಪಾ?" ಅಂತ ಕೇಳಿದ್ಲು. ಸ್ಪೀಕರಲ್ಲಿ ಆ ಕಡೆಯಿಂದ "ಬಿಟ್ಟೆ ಕಣಮ್ಮ, ಪೂರ್ತಿ ಬಿಟ್ಟೆ." ಮಗು ನನ್ನ ತೊಡೆ ಮೇಲಿತ್ತು.

ಮಾರನೇ ವರ್ಷ ಎಲ್ಲಾ ಕಡೆ ಲೇಆಫು. ಹೋದ್ರೆ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಆಗಲ್ವೇನೋ ಅಂತ ಹಂಸಾ ಊರಿಗೆ ಹೋಗ್ಲಿಲ್ಲ. ಅಷ್ಟರಲ್ಲಿ ಅವ್ರು ತೀರ್ಕೊಂಡ್ಬಿಟ್ರು, ಮೊಮ್ಮಗನ್ನ ಬರೀ ಫೋಟೋದಲ್ಲಿ ನೋಡಿ.

ಈಗ್ಲೂ ತಾನಿರೋ ಹೋಬೋಕನ್ನಿಂದ ಬಂದಾಗೆಲ್ಲ ಹಂಸಾ ಅಂತಾಳೆ, "ಅದೊಂದು ಚಟ ಆಂಟಿ, ನನಗೋಸ್ಕರಾನೂ ಬಿಡ್ಲಿಲ್ಲ ನೋಡಿ." ನಾನು ಹೂಂಗುಡ್ತೀನಿ.

ಇದನ್ನ ಸಂಘಕ್ಕೆ ಕಳಿಸ್ಬೇಡ ಈಗ್ಲೇ. ಅವಳು ಪುಸ್ತಕದಲ್ಲಿ ಓದಿ ತಿಳ್ಕೋಬಾರ್ದು. ಫೋನ್ ಮಾಡು. ಟೆಕ್ಸ್ಟ್ ಬೇಡ್ವೇ, ನಾನೇ ಬಾಯಲ್ಲಿ ಹೇಳ್ಬೇಕು. ಎತ್ತಿದ್ಲಾ? ಕೊಡಿಲ್ಲಿ.