ಮುರಿದು ನೋಡಿದ ತುಂಡು

ಗುಜರಿಯವನಿಗೆ ಹಾಕಲೆಂದು ಇವತ್ತು ಬೆಳಿಗ್ಗೆ ಹಳೆಯ ಹತಾರಗಳ ಡಬ್ಬಿ ಬಗ್ಗಿಸಿದೆ. ಅಂಗೈಯಗಲದ ಕಬ್ಬಿಣದ ತುಂಡೊಂದು ಕಾಲ ಬಳಿ ಬಿತ್ತು. ತುಕ್ಕು ಹಿಡಿದಿದ್ದರೂ ಗುರುತು ಸಿಕ್ಕಿತು.

ನಾನು ರಾಣೆಬೆನ್ನೂರಿನಲ್ಲಿ ಬಹಳ ವರ್ಷ ವೆಲ್ಡಿಂಗ್ ಮಾಡಿದವನು. ನಿಮಗೆ ಗೊತ್ತಿರಲಿಕ್ಕಿಲ್ಲ, ಬೆಸುಗೆಯ ಚೆಂದಕ್ಕೆ ಮರುಳಾಗಬಾರದು. ಬೆಸೆಯುವ ರಾಡು ಕರಗಿ ಮೇಲೆ ಸಾಲಾಗಿ ಕೂತಿರುತ್ತದೆ. ಕೆಳಗಿನ ಕಬ್ಬಿಣ ಎಷ್ಟು ಆಳಕ್ಕೆ ಕರಗಿ ಕೂಡಿದೆಯೆಂಬುದು ಕಣ್ಣಿಗೆ ಕಾಣದು. ಅದಕ್ಕೇ ನನ್ನ ಉಸ್ತಾದರು, ಭಾರ ಹೊರುವ ಕೆಲಸವಿದ್ದರೆ, ಮೊದಲು ಅದೇ ರಾಡಿನಿಂದ ಎರಡು ಚೂರು ಬೆಸೆದು, ಸುತ್ತಿಗೆಯಿಂದ ಮುರಿದು ಒಳಗೆ ನೋಡುತ್ತಿದ್ದರು. "ಮ್ಯಾಲ ನೋಡಿ ಹೇಳಬ್ಯಾಡೋ, ಮುರದು ನೋಡಿ ಹೇಳು" ಎನ್ನುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಅದರ ಜಂಬವೂ ಇತ್ತೆನ್ನಿ.

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲರು ಮೆಣಸಿನಕಾಯಿ ಚೀಲ ಹೊತ್ತು ಹತ್ತುವ ಕಬ್ಬಿಣದ ಏಣಿಗೆ ಮೆಟ್ಟಿಲು ಬೆಸೆಯಬೇಕಿತ್ತು. ಬೆಳಿಗ್ಗೆ ನನ್ನ ಅಂಗಡಿಯಲ್ಲೇ ಈ ತುಂಡು ಬೆಸೆದು ಮುರಿದು ನೋಡಿ, ಕಿಸೆಯಲ್ಲಿಟ್ಟುಕೊಂಡು ಹೋದೆ. ಅಲ್ಲಿ ದೊಡ್ಡ ಯಂತ್ರಗಳು ಓಡುತ್ತಿದ್ದವು, ಕರೆಂಟು ಸೊರಗಿತ್ತು. ಕಿಡಿ ಮಂಕಾಗಿದೆ, ರಾಡು ಅಂಟಿಕೊಳ್ಳುತ್ತಿದೆ ಎಂದು ಕೈಗೆ ತಿಳಿಯಿತು. ಹೀಗಾದರೆ ಕಬ್ಬಿಣ ಆಳಕ್ಕೆ ಕರಗುವುದಿಲ್ಲ. ಅಲ್ಲೇ ಇನ್ನೊಂದು ತುಂಡು ಬೆಸೆದು ಮುರಿಯಬೇಕಿತ್ತು. ಬೆಳಗಿನದೇ ಸಾಕು ಎಂದುಕೊಂಡು ಮೆಟ್ಟಿಲು ಬೆಸೆದುಬಿಟ್ಟೆ.

ಫಕೀರಪ್ಪನೆಂಬ ಹಮಾಲ ಏಣಿಯ ಬುಡದಲ್ಲಿ ಅನುಮಾನದಿಂದ ನಿಂತಿದ್ದ.

"ಗಟ್ಟಿ ಐತೇನ್ರಿ ಮಿಸ್ತ್ರೇರ?"

ಕಿಸೆಯ ತುಂಡು ತೆಗೆದು ತೋರಿಸಿದೆ. "ನೋಡ್ರಿ, ಬುಡದತನಕ ಕರಗೈತಿ. ಹತ್ರಿ."

ಹತ್ತಿದ. ಐದನೆಯ ಚೀಲಕ್ಕೆ ಮೆಟ್ಟಿಲು ಕಳಚಿತು. ಬಿದ್ದವನ ಸೊಂಟ ಮುರಿಯಿತು.

ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಇಷ್ಟೇ: "ಆ ತುಂಡು ಛಲೋ ಇತ್ತಲ್ರಿ?"

"ಹೌದು" ಎಂದೆ. ಸುಳ್ಳಲ್ಲ. ಆದರೆ ಅಷ್ಟು ಹೊಲಸು ಮಾತನ್ನು ನಾನು ಇನ್ನೊಂದು ಆಡಿಲ್ಲ.

ಅವನೀಗ ಮಾರ್ಕೆಟ್ ಯಾರ್ಡಿನಲ್ಲಿ ಹೆಂಗಸರ ನಡುವೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾನೆ. "ಮಿಸ್ತ್ರೇರು ಮುರದು ತೋರಿಸಿದ್ರು, ನನ್ನ ಹಣೇಬರಹ ಸುಮಾರಿತ್ತು" ಎಂದು ನನ್ನೆದುರೇ ಎಲ್ಲರಿಗೂ ಹೇಳುತ್ತಾನೆ. ನಿಜ ಹೇಳಿಬಿಡೋಣವೆಂದು ಎಷ್ಟು ಸಲ ಬಸ್ಸು ಹತ್ತಿದೆನೋ. ಪ್ರತಿ ಸಲವೂ ಒಂದು ಕಿಲೋ ಮೆಣಸಿನಕಾಯಿ ಹಿಡಿದು ವಾಪಸಾಗಿದ್ದೇನೆ. ಮನೆಯ ಡಬ್ಬಿಗಳೆಲ್ಲ ತುಂಬಿವೆ. ಹೆಂಡತಿ ಬೈಯುವುದನ್ನೂ ಬಿಟ್ಟಿದ್ದಾಳೆ.

ಇವತ್ತು ಬಾಗಿಲಿಗೆ ಬಂದ ಗುಜರಿಯವನು ನನ್ನ ಕಾಲ ಬಳಿಯ ತುಂಡನ್ನೆತ್ತಿ ಹೊರಳಿಸಿ ನೋಡಿದ. "ಭಾರೀ ಛಲೋ ಬೆಸಗಿ ಐತ್ರೀ ಯಜಮಾನ್ರ. ನೀವ ಮಾಡಿದ್ದೇನ್ರಿ?"

ಮುಖ ಕಾಣದ ನಿಮಗೆ ಬರೆದು ತಿಳಿಸುವುದು ಸುಲಭ. ಎದುರು ನಿಂತ ಯಾರೊಬ್ಬರಿಗೂ, ಗುರುತಿಲ್ಲದ ಈ ಗುಜರಿಯವನಿಗೆ ಕೂಡ, ನಾನು ಬಾಯಿಬಿಟ್ಟು ಹೇಳಲಾರೆ, ಹೇಳದೆಯೇ ಸಾಯುತ್ತೇನೆ ಎಂಬುದು ಆಗ ಖಾತ್ರಿಯಾಯಿತು.

"ಹೌದು" ಎಂದೆ.