ಗಂಡನ ದನಿಗೆ ಕರೆಂಟು ಏರಿಸಿದ್ದು

ಇಸ್ತ್ರಿ ಅಕ್ಕನ ಗಂಡ ಬಾಯಿಂದಲೇ ಹೊಟ್ಟೆ ಹೊರೆದವನು. ಹಳೆಯ ಊರಿನ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ದಪ್ಪ ದನಿ. ಅವನು ಬಾಯಿ ತೆರೆದರೆ ತೂಕಡಿಸುತ್ತಿದ್ದವರು ಗಂಟುಮೂಟೆ ಹಿಡಿದು ಏಳುತ್ತಿದ್ದರು. ಆಮೇಲೆ ಆ ಕೆಲಸಕ್ಕೆ ಒಂದು ಡಬ್ಬಿ ತಂದಿಟ್ಟರು. ಗುಂಡಿ ಒತ್ತಿದರೆ ಡಬ್ಬಿಯೇ ಕೂಗಿತು. ಅವನು ಹೆಂಡತಿಯನ್ನು ಕರೆದುಕೊಂಡು ಸಮುದ್ರ ದಾಟಿ ಇಲ್ಲಿಗೆ ಬಂದ. ಇಲ್ಲಿ ಉಗ್ರಾಣದಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಅದಕ್ಕೆ ದನಿ ಬೇಕಿರಲಿಲ್ಲ.

ಬರುವಾಗ ನಿಲ್ದಾಣದವರು ಬಿಸಾಕಿದ್ದ ಟೇಪು ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಜೊತೆಗೆ ಒಂದೇ ಒಂದು ಸುರುಳಿ. ಮನೆಯಲ್ಲಿ ಕೂತು ಬಸ್ಸಿನ ಹೆಸರು ಕೂಗಿ ಅಭ್ಯಾಸ ಮಾಡಿದ್ದು ಅದರಲ್ಲಿತ್ತು. ಇಲ್ಲಿನ ಗೋಡೆಗೆ ಪ್ಲಗ್ ಹಾಕಿದರೆ ಯಂತ್ರ ಗುಂಯ್ ಅಂದಿತು, ತಿರುಗಲಿಲ್ಲ.

"ಇಲ್ಲಿನ ಕರೆಂಟು ಅರ್ಧ ಕಣೇ. ಅಲ್ಲಿ ಇನ್ನೂರಿಪ್ಪತ್ತು ವೋಲ್ಟು, ಇಲ್ಲಿ ನೂರಹತ್ತು. ಏರಿಸೋ ಟ್ರಾನ್ಸ್‌ಫಾರ್ಮರ್ ಒಂದು ತಂದ್ರಾಯ್ತು" ಅಂದ. ತರಲಿಲ್ಲ. ಯಂತ್ರ ಮಂಚದ ಕೆಳಗೆ ಹೋಯಿತು.

ಅವನ ಗಂಟಲಿಗೆ ಹುಣ್ಣಾಯಿತು. ಕೊಯ್ದರು. ಕೊನೆಗೆ ಎರಡು ವರ್ಷ ಪಿಸುಗುಟ್ಟಿದ. ಆಮೇಲೆ ಅದೂ ನಿಂತಿತು. ಆಮೇಲೆ ಅವನೇ ನಿಂತ.

ಸತ್ತ ದಿನ ಅವಳು ಅಳಲಿಲ್ಲ. ಕೆಲಸ ಬಹಳವಿತ್ತು. ಮುಂದೊಂದು ದಿನ ಯಾರದ್ದೋ ಅಂಗಿಗೆ ಇಸ್ತ್ರಿ ಹಾಕುತ್ತಾ, ಅವನು ಮೊದಲೆಲ್ಲ ತನ್ನನ್ನು ಹೇಗೆ ಕರೆಯುತ್ತಿದ್ದ ಎಂದು ನೆನೆಸಿಕೊಳ್ಳಲು ಹೋದಳು. ಮಾತು ನೆನಪಾಯಿತು, ದನಿ ಬರಲಿಲ್ಲ. ಕಿವಿಯಲ್ಲಿ ಇದ್ದದ್ದು ಪಿಸುಗುಟ್ಟುವುದೊಂದೇ. ಅಂಗಿಯ ಕಾಲರು ಸುಟ್ಟು ಹೋಯಿತು. ಆಗ ಅತ್ತಳು. ಆ ದನಿ ಪೂರ್ತಿ ಅಳಿಸಿ ಹೋಗುವ ಮುಂಚೆ ಒಂದು ಸಲ ಕೇಳಬೇಕು ಅನ್ನಿಸಿತು. ಮೈದುನನಿಗೆ ಫೋನು ಮಾಡಿದಳು.

ಮೈದುನ ಇದೇ ಊರಲ್ಲಿ ಮೋಟರಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದ. ಅಣ್ಣ ಮನೆ ಬಿಟ್ಟಾಗ ಇವನಿನ್ನೂ ತೊದಲುತ್ತಿದ್ದ. ಇವನು ಇಲ್ಲಿಗೆ ಬರುವ ಹೊತ್ತಿಗೆ ಅಣ್ಣನ ಗಂಟಲು ಹೋಗಿತ್ತು. ಭಾನುವಾರ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪೆಟ್ಟಿಗೆಯನ್ನು ಹೊತ್ತು, ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದ.

"ಇಷ್ಟು ಭಾರ ಯಾಕಪ್ಪ? ಸಣ್ಣದು ಸಿಗ್ಲಿಲ್ವಾ?"

"ಸಣ್ಣದು ಬಿಸಿಯಾಗುತ್ತೆ ಅತ್ತಿಗೆ. ಯಂತ್ರ ಎಷ್ಟು ವ್ಯಾಟ್ ಕುಡಿಯುತ್ತೋ ಅದರ ಎರಡರಷ್ಟು ತಡ್ಕೊಳ್ಳೋದು ಇರ್ಬೇಕು. ನಾನೇ ಸುತ್ತಿದ್ದು. ನನ್ನ ಸೊಂಟ ಹೋದ್ರೂ ಇದು ಹೋಗಲ್ಲ."

ಅವನು ಒಂದೊಂದನ್ನೂ ತೋರಿಸಿ ಹೇಳಿದ. ಹಸಿರು ತಂತಿ ಅರ್ತಿನದು, ಅದು ಬಿಚ್ಚಿಕೊಂಡರೆ ಪೆಟ್ಟಿಗೆ ಮುಟ್ಟಲೇ ಬಾರದು. ಮೊದಲು ಟ್ರಾನ್ಸ್‌ಫಾರ್ಮರ್ ಹಾಕಬೇಕು, ಕೆಂಪು ದೀಪ ಬಂದ ಮೇಲೆ ಯಂತ್ರ. ಆರಿಸುವಾಗ ಮೊದಲು ಯಂತ್ರ. ಮೇಲೆ ಬಟ್ಟೆ ಪೇರಿಸಬಾರದು. ಹತ್ತಿರ ನೀರು ಚಿಮುಕಿಸಬಾರದು. ಸಣ್ಣಗೆ ಗುಂಯ್ ಅಂದರೆ ಹೆದರಬೇಕಾಗಿಲ್ಲ, ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಬೇಕು.

"ಇಸ್ತ್ರಿ ಪೆಟ್ಟಿಗೇನ ಮಾತ್ರ ಇದಕ್ಕೆ ಹಾಕ್ಬೇಡಿ. ಹಾಕಿದ್ರೆ ಬಟ್ಟೆ ಜೊತೆ ನಿಮಗೂ ಇಸ್ತ್ರಿ ಆಗುತ್ತೆ."

"ನನಗೆ ಆಗ್ಲೇ ಆಗಿದೆ. ಹಾಕು, ನೋಡೋಣ."

ಸುರುಳಿ ತಿರುಗಿತು. ದನಿ ಬಂತು. ಕೀಚಲು ದನಿ, ಅವಸರದ ದನಿ. ಬಾಲ ತುಳಿಸಿಕೊಂಡವನ ಹಾಗೆ ಯಾರೋ ಬಸ್ಸಿನ ಹೆಸರು ಒದರುತ್ತಿದ್ದ.

"ಇದು ಯಾರೋ?" ಅಂದಳು ಅವಳು.

ಮೈದುನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟ. "ಅಯ್ಯೋ, ನನ್ನ ತಲೆಗಿಷ್ಟು! ಕರೆಂಟು ಮಿಡಿಯುತ್ತೆ ಅತ್ತಿಗೆ. ಅಲ್ಲಿ ಸೆಕೆಂಡಿಗೆ ಐವತ್ತು ಸಲ, ಇಲ್ಲಿ ಅರವತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟು ಏರಿಸುತ್ತೆ ಅಷ್ಟೆ, ಮಿಡಿತದ ತಂಟೆಗೆ ಹೋಗಲ್ಲ. ಈ ಮೋಟರು ಮಿಡಿತ ನೋಡ್ಕೊಂಡೇ ಓಡೋದು. ಅದಕ್ಕೇ ಈ ಓಟ."

"ಸರಿ ಮಾಡೋಕೆ ಆಗುತ್ತಾ?"

"ಮೋಟರಿನ ತುದೀಲಿ ಟೇಪು ಓಡಿಸೋ ಹಿತ್ತಾಳೆ ಗುಬ್ಬಿ ಇದೆ, ಸಣ್ಣ ಉರುಳೆ. ಅದನ್ನ ಅರೆದು ಸಣ್ಣ ಮಾಡಿದ್ರೆ ನಿಧಾನ ಆಗುತ್ತೆ. ಅರೆಯೋಕೆ ಸಣ್ಣ ಅರ ಬೇಕು. ಮುಂದಿನ ಭಾನುವಾರ ತರ್ತೀನಿ. ಅಲ್ಲೀವರೆಗೆ ಹಾಕ್ಬೇಡಿ."

ಮೂರು ಭಾನುವಾರ ಅವನು ಬರಲಿಲ್ಲ. ಅಂಗಡಿಯಲ್ಲಿ ಕೆಲಸವಂತೆ. ಅವಳು ಮೊದಲ ದಿನ ತಡೆದುಕೊಂಡಳು. ಎರಡನೆಯ ದಿನ ಹಾಕಿದಳು. ಅವನು ಹೇಳಿಕೊಟ್ಟ ಹಾಗೇ, ಒಂದೂ ತಪ್ಪದೆ. ಅರ್ತ್ ನೋಡಿದಳು, ಕೆಂಪು ದೀಪ ಬರುವ ತನಕ ಕಾದಳು. ಯಂತ್ರಕ್ಕೇನೂ ಆಗಲಿಲ್ಲ. ಆಮೇಲೆ ದಿನಾ ಹಾಕಿದಳು. ಬಸ್ಸುಗಳ ಹೆಸರಿನ ನಡುವೆ ಒಂದು ಕಡೆ ಗಂಡ ಕೆಮ್ಮಿ, "ಏ, ಇಲ್ಲಿ ಬಾರೇ, ಇದು ತಿರುಗ್ತಿದೆಯಾ ನೋಡು" ಅನ್ನುತ್ತಿದ್ದ. ಕೀಚಲಾದರೂ ಮಾತು ಅವನದೇ. ಅಲ್ಲಿಗೆ ಬಂದಾಗ ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, "ತಿರುಗ್ತಿದೆ, ತಿರುಗ್ತಿದೆ" ಅನ್ನುತ್ತಿದ್ದಳು.

ಕೆಳಗಿನ ಮನೆಯ ದರ್ಜಿಯಮ್ಮ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. "ಏನಕ್ಕಾ, ಒಳಗೆ ಗಂಡಸಿನ ದನಿ?"

"ನಮ್ಮನೆಯವರದು."

"ಹೀಗಿತ್ತಾ ಅವರ ದನಿ? ಮೂಗಿಗೆ ಚಿಮ್ಮಟ ಹಾಕಿದ ಹಾಗಿದೆ!"

"ಹೀಗೇ ಇತ್ತು" ಅಂದುಬಿಟ್ಟಳು. ವಿವರಿಸಲು ಬೇಜಾರು.

ಕೊನೆಗೆ ಮೈದುನ ಬಂದ. ಪ್ಲಗ್ ಕಿತ್ತು, ಯಂತ್ರದ ಹೊಟ್ಟೆ ಬಿಚ್ಚಿ, ಗುಬ್ಬಿಯನ್ನು ಲೆಕ್ಕದ ಪ್ರಕಾರ ಅರೆದ.

"ಲೆಕ್ಕ ಸರಿಯಿದೆ. ಆದ್ರೆ ಒಳಗಿನ ರಬ್ಬರ್ ಗಾಲಿ ಒಣಗಿ ಜಾರುತ್ತೆ, ಅದನ್ನ ನಂಬೋ ಹಾಗಿಲ್ಲ. ನಿಮ್ಮ ಕಿವಿನೇ ಹೇಳ್ಬೇಕು. ಅಣ್ಣನ ದನಿ ಗೊತ್ತಿರೋದು ನಿಮಗೊಬ್ಬರಿಗೇ."

ಹಾಕಿದ. ದನಿ ಇಳಿದಿತ್ತು. ಕೇಳಿದ ಕೂಡಲೇ ಎದೆ ಹೌದು ಅನ್ನುತ್ತದೆ ಎಂದುಕೊಂಡಿದ್ದಳು. ಎದೆ ಏನೂ ಅನ್ನಲಿಲ್ಲ. ಯಾರೋ ಪರಿಚಯದವನ ಅಣ್ಣ ಮಾತಾಡಿದ ಹಾಗಿತ್ತು.

"ಸರಿ ಬಂತಾ?"

"ಇನ್ನೂ ದಪ್ಪ ಇತ್ತು." ದಪ್ಪ ಎಂದು ಎಲ್ಲರೂ ಹೇಳುತ್ತಿದ್ದರು, ಅದಷ್ಟೇ ಅವಳಿಗೆ ನೆನಪು.

ಅವನು ಅರೆದ. ಹಾಕಿದ.

"ಇನ್ನೂ ಸ್ವಲ್ಪ."

"ನೋಡಿ ಹೇಳಿ ಅತ್ತಿಗೆ. ಅರೆದದ್ದನ್ನ ಮತ್ತೆ ಅಂಟಿಸೋಕೆ ಆಗಲ್ಲ."

"ಅರೆಯಪ್ಪ."

ಮೂರನೆಯ ಸಲ ಹಾಕಿದಾಗ ದನಿ ಕುಡಿದವನದಾಗಿತ್ತು. ಬಸ್ಸುಗಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮೈದುನ ತಲೆ ಎತ್ತಿದ. "ಇದು ಅಣ್ಣನಾ?"

"ನಂಗೊತ್ತಿಲ್ಲಪ್ಪ."

"ಹಾಗಂದ್ರೆ? ಮುಂಚೆ ಬಂದದ್ದು ಸರಿಯಿತ್ತಾ, ಅದರ ಮುಂಚಿನದಾ?"

"ಕಣ್ಣು ಮುಚ್ಚಿದ್ರೆ ಆ ಕೀಚಲೇ ಬರ್ತಿದೆ ಕಣೋ. ದಿನಾ ಹಾಕ್ಕೊಂಡು ಕೇಳಿದೆ. ಈಗ ಅದೊಂದೇ ಉಳ್ಕೊಂಡಿದೆ. ಪಿಸುಗುಟ್ತಿದ್ದದ್ದೂ ಹೋಯ್ತು."

ಅವನು ಅರವನ್ನು ಕೆಳಗಿಟ್ಟ. ಆಮೇಲೆ, "ಹೊಸ ಗುಬ್ಬಿ ಮಾಡಿಸ್ತೀನಿ. ಮೊದಲಿಂದ ಶುರು ಮಾಡೋಣ" ಅಂದ.

"ಮಾಡಿಸಿ, ಅರೆಯೋದನ್ನ ಎಲ್ಲಿಗೆ ನಿಲ್ಲಿಸ್ತೀಯ?"

ಅವನು ನೆಲದ ಮೇಲೆ ಬಿದ್ದ ಹಿತ್ತಾಳೆ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಅಂಗೈಗೆ ಹಾಕಿಕೊಂಡ. ಎಲ್ಲ ಸೇರಿ ಒಂದು ಚಿಟಿಕೆ ಆಗಲಿಲ್ಲ.

"ಟ್ರಾನ್ಸ್‌ಫಾರ್ಮರ್ ಅಂಗಡಿಗೆ ಒಯ್ದುಬಿಡು" ಅಂದಳು. "ಗಟ್ಟಿಯಾಗಿ ಸುತ್ತಿದ್ದೀಯ. ಯಾರಿಗಾದ್ರೂ ಬೇಕಾಗುತ್ತೆ."

ಅವನು ಅದನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಸಂಜೆಗೆ ಕೊಡಬೇಕಾದ ಬಟ್ಟೆ ಮೂಟೆ ಹಾಗೇ ಇತ್ತು. ಅವಳು ಗೋಡೆಯಲ್ಲಿ ಖಾಲಿಯಾದ ಪ್ಲಗ್ಗಿಗೆ ಇಸ್ತ್ರಿ ಪೆಟ್ಟಿಗೆ ಹಾಕಿ, ಕಾಯಲಿ ಎಂದು ಪಕ್ಕದಲ್ಲಿ ನಿಂತಳು.